ಗುಂಡಿಗೆಯ ಎರಡು ಅರ್ಥ

ಕನ್ನಡದಲ್ಲಿ ‘ಗುಂಡಿಗೆ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಎದೆಗೂಡಿನೊಳಗೆ ಹಗಲಿರುಳೂ ಮಿಡಿಯುವ ಅಂಗವು ಒಂದು, ಧೈರ್ಯವು ಇನ್ನೊಂದು. ‘ಅವನಿಗೆ ಗುಂಡಿಗೆಯಿದೆ’ ಎಂದು ಊರವರು ಹೇಳಿದರೆ ಅದು ಶರೀರಶಾಸ್ತ್ರದ ಸಂಗತಿಯಲ್ಲ. ‘ಎದೆಗಾರಿಕೆ’ ಎಂಬ ಪದವೂ ಇದೇ ಬಳಗದ್ದು. ಮೊದಲನೆಯ ಗುಂಡಿಗೆಯು ಕೈಕೊಟ್ಟಾಗ ಎರಡನೆಯದು ಮನುಷ್ಯನನ್ನು ಎಷ್ಟು ದೂರ ನಡೆಸಬಲ್ಲದು? ನಡೆಸಲು ಬಿಡಬಹುದೆ? ಬಿಡುವ ಅಧಿಕಾರ ಯಾರದು? ಈ ಪ್ರಶ್ನೆಗಳೆಲ್ಲ ಡೆನ್ಮಾರ್ಕ್ ದೇಶದ ಒಬ್ಬ ಫುಟ್‌ಬಾಲ್ ಆಟಗಾರನ ಬಾಳಿನಲ್ಲಿ ಒಟ್ಟಿಗೇ ಎದ್ದು ನಿಂತವು. ಈ ವಾರ ಆತನ ಕಥೆಯನ್ನು ವಾಚಕರ ಮುಂದಿಡಬಯಸುತ್ತೇನೆ. ಆತನ ಹೆಸರು ಕ್ರಿಸ್ಟಿಯನ್ ಎರಿಕ್ಸನ್.

ನನ್ನ ತರಗತಿಯ ಹುಡುಗರಿಗೆ ಈ ಹೆಸರನ್ನು ಪರಿಚಯಿಸಬೇಕಾದ ಅಗತ್ಯವಿಲ್ಲ. ಪಂಪನಿಗೆ ಆಶ್ರಯವಿತ್ತ ಅರಸನಾರೆಂದು ಕೇಳಿದರೆ ಸೂರು ನೋಡುವವರು, ಯೂರೋಪಿನ ಯಾವ ಆಟಗಾರನು ಯಾವ ವರ್ಷ ಯಾವ ಕ್ಲಬ್ಬಿನಿಂದ ಯಾವ ಕ್ಲಬ್ಬಿಗೆ ಹೋದನೆಂಬುದನ್ನು ವಂಶಾವಳಿಯಂತೆ ಒಪ್ಪಿಸಬಲ್ಲರು. ಅದಕ್ಕಾಗಿ ನಾನು ಅವರನ್ನು ದೂರುವುದಿಲ್ಲ. ಒಂದು ಸಂಗತಿಯನ್ನು ಪ್ರೀತಿಯಿಂದ ನೆನಪಿಡುವ ಶಕ್ತಿ ಎಲ್ಲಿದ್ದರೂ ಒಳ್ಳೆಯದೇ. ಆದರೆ ಈ ಬರಹವು ಅವರಿಗಿಂತ ಹೆಚ್ಚಾಗಿ ಅವರ ತಂದೆತಾಯಿಗಳಿಗೆ.

ಫುಟ್‌ಬಾಲಿನಲ್ಲಿ ಗೋಲು ಹೊಡೆಯುವವನನ್ನು ಎಲ್ಲರೂ ಬಲ್ಲರು, ಗೋಲು ತಡೆಯುವವನನ್ನೂ ಬಲ್ಲರು. ಇವರಿಬ್ಬರ ನಡುವೆ ಮೈದಾನದ ಮಧ್ಯದಲ್ಲಿ ಆಡುವವನಿಗೆ ಮಿಡ್‌ಫೀಲ್ಡರ್ ಎನ್ನುತ್ತಾರೆ. ಯಕ್ಷಗಾನ ನೋಡಿದವರಿಗೆ ಅವನ ಕೆಲಸವನ್ನು ವಿವರಿಸುವುದು ಸುಲಭ: ಅವನು ಭಾಗವತ. ಕಿರೀಟ ಕಟ್ಟಿ ಕುಣಿಯುವವರು ಬೇರೆ. ಆದರೆ ಯಾವ ಪದಕ್ಕೆ ಯಾರು ಎದ್ದು ಬರಬೇಕು, ಎಲ್ಲಿ ಏರಿಸಬೇಕು, ಎಲ್ಲಿ ಇಳಿಸಬೇಕು ಎಂಬುದೆಲ್ಲ ಅವನ ಕೈಯ ತಾಳದಲ್ಲಿದೆ. ಎರಿಕ್ಸನ್ ಇಂಥ ಆಟಗಾರ. ಮೈಕಟ್ಟಿನಲ್ಲಿ ದೊಡ್ಡವನಲ್ಲ, ಓಟದಲ್ಲಿ ಮಿಂಚೂ ಅಲ್ಲ. ಚೆಂಡು ತನ್ನ ಕಾಲಿಗೆ ಬರುವ ಮುನ್ನವೇ ಅದು ಮುಂದೆ ಎಲ್ಲಿಗೆ ಹೋಗಬೇಕೆಂದು ಅರಿತಿರುವುದು, ಅರಿತಲ್ಲಿಗೆ ಅಳತೆ ತಪ್ಪದೆ ಅದನ್ನು ಕಳುಹಿಸುವುದು, ಇವೇ ಅವನ ವಿದ್ಯೆ.

ಆತನು ಹುಟ್ಟಿದ್ದು 1992ರ ಫೆಬ್ರವರಿ 14ರಂದು, ಡೆನ್ಮಾರ್ಕಿನ ಫ್ಯೂನ್ ದ್ವೀಪದ ಮಿಡ್ಡೆಲ್‌ಫಾರ್ಟ್ ಎಂಬ ಚಿಕ್ಕ ಪಟ್ಟಣದಲ್ಲಿ. ತಂದೆಯೇ ಮೊದಲ ಗುರು. ಊರಿನ ಮಕ್ಕಳ ತಂಡದಿಂದ ಅದೇ ದ್ವೀಪದ ಓಡೆನ್ಸೆ ನಗರಕ್ಕೆ ಹೋದ. ಹದಿನಾರು ತುಂಬುವ ಹೊತ್ತಿಗೆ ದೊಡ್ಡ ದೊಡ್ಡ ಕ್ಲಬ್ಬುಗಳು ಕರೆಸಿ ಪರೀಕ್ಷಿಸಿ ನೋಡಿದ್ದವು. ಹುಡುಗನು ಅವಸರಪಡಲಿಲ್ಲ. 2008ರಲ್ಲಿ ಹಾಲೆಂಡಿನ ಅಯಾಕ್ಸ್ ಕ್ಲಬ್ಬಿಗೆ ಸೇರಿದ. ಎಳೆಯರನ್ನು ತಿದ್ದಿ ಬೆಳೆಸುವುದರಲ್ಲಿ ಆ ಆಮ್‌ಸ್ಟರ್‌ಡಾಮಿನ ಸಂಸ್ಥೆಯದು ಹಳೆಯ ಹೆಸರು. ಎರಡು ವರ್ಷಗಳಲ್ಲಿ ದೇಶದ ತಂಡಕ್ಕೆ ಕರೆ ಬಂತು. 2010ರ ವಿಶ್ವಕಪ್ಪಿಗೆ ದಕ್ಷಿಣ ಆಫ್ರಿಕಕ್ಕೆ ಬಂದ ಆಟಗಾರರಲ್ಲೆಲ್ಲ ವಯಸ್ಸಿನಲ್ಲಿ ಕಿರಿಯವನು ಹದಿನೆಂಟರ ಈ ಹುಡುಗನೇ. 2011, 2012, 2013, ಸಾಲಾಗಿ ಮೂರು ವರ್ಷ ಅಯಾಕ್ಸ್ ಹಾಲೆಂಡಿನ ಲೀಗ್ ಗೆದ್ದಿತು.

ಬಳಿಕ ಲಂಡನ್ನಿನ ಟಾಟನ್‌ಹ್ಯಾಮ್. ಈ ವರ್ಗಾವಣೆಯ ಹಿಂದೆ ಒಂದು ಸ್ವಾರಸ್ಯವಿದೆ. 2013ರ ಬೇಸಿಗೆಯಲ್ಲಿ ಟಾಟನ್‌ಹ್ಯಾಮ್ ತನ್ನ ಗ್ಯಾರೆತ್ ಬೇಲ್‌ನನ್ನು ಸ್ಪೇನಿನ ರಿಯಲ್ ಮ್ಯಾಡ್ರಿಡ್ ಕ್ಲಬ್ಬಿಗೆ ಆ ಕಾಲದ ದಾಖಲೆಯ ಬೆಲೆಗೆ ಮಾರಿತು. ಕೈಗೆ ಬಂದ ಹಣದ ಬಲದಿಂದ ಏಳು ಮಂದಿಯನ್ನು ಕೊಂಡಿತು. ಏಳರಲ್ಲಿ ಎರಿಕ್ಸನ್ನನಿಗೆ ಕೊಟ್ಟದ್ದು ಸುಮಾರು 1 ಕೋಟಿ 10 ಲಕ್ಷ ಪೌಂಡು. ಇತರ ಕೆಲವರಿಗೆ ಇದರ ಎರಡು ಪಾಲಿಗೂ ಹೆಚ್ಚು. ವರ್ಷಗಳು ಕಳೆದಂತೆ, ಕೊಂಡ ಸರಕಿನಲ್ಲಿ ಬಾಳಿಕೆ ಬಂದದ್ದು ಈ ಅಗ್ಗದ್ದೇ ಎಂದು ಎಲ್ಲರೂ ಒಪ್ಪಿದರು. ಅಲ್ಲಿ ಆತನು ಆಡಿದ ಪಂದ್ಯಗಳು 305, ಹೊಡೆದ ಗೋಲುಗಳು 69. ಗೋಲು ಹೊಡೆಸಿದ್ದಕ್ಕೆ ಲೆಕ್ಕವಿಡುವವರು ಅದನ್ನೂ ಇಟ್ಟಿದ್ದಾರೆ. ಭಾಗವತನ ಪದಗಳನ್ನು ಎಣಿಸಿದಂತೆ ಎಂದು ನಾನು ಅದನ್ನು ಬಿಟ್ಟಿದ್ದೇನೆ. 2017ರಲ್ಲಿ ತಂಡ ಲೀಗಿನಲ್ಲಿ ಎರಡನೆಯ ಸ್ಥಾನಕ್ಕೇರಿತು. ಅದೇ ವರ್ಷದ ನವೆಂಬರಿನಲ್ಲಿ ಡಬ್ಲಿನ್ ನಗರದಲ್ಲಿ ಐರ್ಲೆಂಡಿನ ವಿರುದ್ಧ ಆತನು ಒಬ್ಬನೇ ಮೂರು ಗೋಲು ಹೊಡೆದು ಡೆನ್ಮಾರ್ಕನ್ನು ವಿಶ್ವಕಪ್ಪಿಗೆ ಮುಟ್ಟಿಸಿದ. 2019ರ ಮೇ ತಿಂಗಳಲ್ಲಿ ಚಾಂಪಿಯನ್ಸ್ ಲೀಗಿನ ಸೆಮಿಫೈನಲ್ ಆಡಲು ಟಾಟನ್‌ಹ್ಯಾಮ್ ಹೋದದ್ದು ಆಮ್‌ಸ್ಟರ್‌ಡಾಮಿಗೆ, ತನ್ನನ್ನು ಬೆಳೆಸಿದ ಅಯಾಕ್ಸಿನ ಎದುರಿಗೆ. ಅಲ್ಲಿ ಗೆದ್ದ ತಂಡ ಫೈನಲಿನಲ್ಲಿ ಲಿವರ್‌ಪೂಲಿಗೆ ಸೋತಿತು. ಆರೂವರೆ ವರ್ಷ ದುಡಿದರೂ ಇಂಗ್ಲೆಂಡಿನಿಂದ ಒಂದು ಬಟ್ಟಲನ್ನೂ ಆತನು ಆಗ ಕೊಂಡೊಯ್ಯಲಿಲ್ಲ.

2020ರ ಜನವರಿಯಲ್ಲಿ ಇಟಲಿಯ ಮಿಲಾನ್ ನಗರದ ಇಂಟರ್ ಕ್ಲಬ್ಬು ಆತನನ್ನು ಕೊಂಡಿತು. ಕೊಂಡವರು ಕೂರಿಸಿದ್ದು ಬೆಂಚಿನ ಮೇಲೆ. ಶಿಕ್ಷಕ ಅಂಟೋನಿಯೊ ಕಾಂಟೆಯವರ ಆಟದ ವ್ಯೂಹದಲ್ಲಿ ಈ ಡೇನ್‌ನಿಗೆ ಸ್ಥಳವಿರಲಿಲ್ಲ. ವರ್ಷ ಮುಗಿಯುವ ಹೊತ್ತಿಗೆ ಆತನನ್ನು ಮಾರುವ ಮಾತೂ ನಡೆದಿತ್ತು. 2021ರ ಜನವರಿ 26ರಂದು, ಅದೇ ನಗರದ ಬದ್ಧವೈರಿ ಎ.ಸಿ. ಮಿಲಾನಿನ ಎದುರು, 97ನೆಯ ನಿಮಿಷದಲ್ಲಿ ಒಂದು ಫ್ರೀಕಿಕ್ ದೊರೆಯಿತು. ಎರಿಕ್ಸನ್ ಹೊಡೆದ, ಗೋಲಾಯಿತು, ಇಂಟರ್ ಗೆದ್ದಿತು. ಅಲ್ಲಿಂದ ಕಾಂಟೆಯವರ ವ್ಯೂಹದಲ್ಲಿ ಸ್ಥಳ ಹುಟ್ಟಿಕೊಂಡಿತು! ಮೇ ತಿಂಗಳಲ್ಲಿ ಇಂಟರ್ ಇಟಲಿಯ ಲೀಗ್ ಗೆದ್ದಾಗ ಒಂಬತ್ತು ವರ್ಷಗಳಿಂದ ಅದನ್ನು ಬಿಟ್ಟುಕೊಡದಿದ್ದ ಯುವೆಂಟಸಿನ ಆಳ್ವಿಕೆ ಮುಗಿಯಿತು. ಆ ಸಂತೋಷದಲ್ಲಿ ಆತನು ಯೂರೋ ಕಪ್ಪಿಗಾಗಿ ತನ್ನ ನಾಡಿಗೆ ಹೊರಟ.

2021ರ ಜೂನ್ 12, ಶನಿವಾರ ಸಂಜೆ. ಕೋಪನ್‌ಹೇಗನ್ ನಗರದ ಪಾರ್ಕೆನ್ ಕ್ರೀಡಾಂಗಣ. ಡೆನ್ಮಾರ್ಕಿಗೂ ಫಿನ್ಲೆಂಡಿಗೂ ಪಂದ್ಯ. ಮೊದಲರ್ಧ ಮುಗಿಯಲು ಇನ್ನೇನು ಎರಡು ಮೂರು ನಿಮಿಷವಿದ್ದಾಗ ಗೆರೆಯಾಚೆಯಿಂದ ಚೆಂಡನ್ನು ಎರಿಕ್ಸನ್ನನತ್ತ ಎಸೆದರು. ಯಾರೂ ಆತನನ್ನು ಮುಟ್ಟಲಿಲ್ಲ. ಎರಡು ಹೆಜ್ಜೆ ತೂರಾಡಿದಂತಾಯಿತು. ಮರುಕ್ಷಣ ಕಡಿದ ಮರದಂತೆ ಮುಂದಕ್ಕೆ ಬಿದ್ದ. ಕೈ ಊರಿ ಬೀಳಲಿಲ್ಲ. ಆಟದಲ್ಲಿ ಎಡವಿದವನು ಕೈ ಊರದೆ ಬೀಳುವುದಿಲ್ಲ. ನೋಡಿದವರಿಗೆ ಭಯ ಹುಟ್ಟಿಸಿದ್ದು ಅದೇ.

ರೆಫರಿ ಆಂಟೊನಿ ಟೇಲರ್ ಕ್ಷಣಗಳಲ್ಲಿ ಆಟ ನಿಲ್ಲಿಸಿ ವೈದ್ಯರನ್ನು ಕರೆದರು. ನಾಯಕ ಸಿಮೊನ್ ಕ್ಯಾರ್ ಓಡಿ ಬಂದು ಗೆಳೆಯನನ್ನು ಸರಿಯಾಗಿ ಮಲಗಿಸಿದ. ಆಮೇಲೆ ಆತನು ಮಾಡಿಸಿದ ಇನ್ನೊಂದು ಕೆಲಸವನ್ನು ಲೋಕವು ಮರೆತಿಲ್ಲ: ತಂಡದವರೆಲ್ಲ ಸುತ್ತ ನಿಂತು, ಮುಖವನ್ನು ಹೊರಗೆ ತಿರುಗಿಸಿ, ಮೈಗಳಿಂದಲೇ ಒಂದು ಗೋಡೆ ಕಟ್ಟಿದರು. ಸಾವಿನೊಡನೆ ಸೆಣಸುವವನಿಗೆ ಕ್ಯಾಮರಾಗಳಿಂದ ಮರೆ ಬೇಕೆಂದು ಆ ಹುಡುಗರಿಗೆ ಯಾರು ಹೇಳಿಕೊಟ್ಟಿದ್ದರು? ಹಲವರು ಅಳುತ್ತಿದ್ದರು, ಗೋಡೆ ಮಾತ್ರ ಬಿರಿಯಲಿಲ್ಲ. ಹಿಂದೆ ವೈದ್ಯರು ಎದೆಯನ್ನು ಒತ್ತುತ್ತಿದ್ದರು. ಆತನು ಹೋಗಿಬಿಟ್ಟಿದ್ದನೆಂದೂ ವಿದ್ಯುತ್ತಿನ ಒಂದೇ ಆಘಾತಕ್ಕೆ ಮರಳಿದನೆಂದೂ ತಂಡದ ವೈದ್ಯ ಮಾರ್ಟೆನ್ ಬೋಸೆನ್ ಮರುದಿನ ತಿಳಿಸಿದರು. ಕಣ್ಣು ತೆರೆದವನನ್ನು ಇನ್ನೊಬ್ಬ ವೈದ್ಯರು ಮಾತನಾಡಿಸಿದಾಗ, ತನಗಿನ್ನೂ ಇಪ್ಪತ್ತೊಂಬತ್ತೇ ವರ್ಷ ಎಂದನಂತೆ. ಇತ್ತ ಕ್ರೀಡಾಂಗಣದಲ್ಲಿ ಸುದ್ದಿ ತಿಳಿಯದೆ ಕುಳಿತ ಸಾವಿರಾರು ಜನರಲ್ಲಿ ಫಿನ್ಲೆಂಡಿನವರು ‘ಕ್ರಿಸ್ಟಿಯನ್’ ಎಂದು ಕೂಗಿದರೆ, ಡೇನರು ‘ಎರಿಕ್ಸನ್’ ಎಂದು ಮಾರ್ನುಡಿಯುತ್ತಿದ್ದರು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ನಾವು ಸಾಮಾನ್ಯವಾಗಿ ಎಲ್ಲವನ್ನೂ ‘ಹೃದಯಾಘಾತ’ ಎಂದು ಕರೆದುಬಿಡುತ್ತೇವೆ. ಹೃದಯಾಘಾತವೆಂದರೆ ಹೃದಯಕ್ಕೆ ರಕ್ತವೊಯ್ಯುವ ನಾಳವು ಕಟ್ಟಿಕೊಳ್ಳುವುದು. ಎರಿಕ್ಸನ್ನನಿಗೆ ಆದದ್ದು ಹೃದಯಸ್ತಂಭನ. ಹೃದಯವನ್ನು ಮಿಡಿಸುವ ವಿದ್ಯುತ್ತಿನ ಲಯವೇ ಕೆಟ್ಟು, ಅದು ಮಿಡಿಯುವುದರ ಬದಲು ಬರಿದೆ ಅದುರತೊಡಗುತ್ತದೆ. ರಕ್ತವು ಮುಂದೆ ಹರಿಯದು. ಆಗ ಎದೆಯನ್ನು ಒತ್ತುವುದು, ಡಿಫಿಬ್ರಿಲೇಟರ್ ಎಂಬ ಯಂತ್ರದಿಂದ ಆಘಾತ ಕೊಟ್ಟು ಲಯವನ್ನು ಮರಳಿ ಕೂರಿಸುವುದು, ಇವೆರಡೇ ದಾರಿ. ಆಘಾತ ಕೊಡುವುದು ಒಂದೊಂದು ನಿಮಿಷ ತಡವಾದಂತೆಯೂ ಬದುಕುವ ಸಂಭವವು ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಯುತ್ತದೆ. ಕಟ್ಟುಮಸ್ತಾದ ಮೈ ಇದಕ್ಕೆ ಕಾವಲಲ್ಲ. ಟಾಟನ್‌ಹ್ಯಾಮಿನಲ್ಲಿ ಆತನ ಹೃದಯವನ್ನು ಪರೀಕ್ಷಿಸುತ್ತಿದ್ದ ತಜ್ಞ ಸಂಜಯ್ ಶರ್ಮಾ ಅವರು 2019ರವರೆಗೂ ಯಾವ ದೋಷವೂ ಕಂಡಿರಲಿಲ್ಲವೆಂದು ತಿಳಿಸಿದರು.

ಎಲ್ಲರಿಗೂ ಈ ಭಾಗ್ಯ ಒದಗಿರಲಿಲ್ಲ. ಕ್ಯಾಮರೂನಿನ ಮಾರ್ಕ್ ವಿವಿಯನ್ ಫೋ, ಆತನೂ ಮಿಡ್‌ಫೀಲ್ಡರನೇ, 2003ರ ಜೂನ್ 26ರಂದು ಫ್ರಾನ್ಸಿನ ಲಿಯಾನ್ ನಗರದಲ್ಲಿ ಆಟದ ನಡುವೆ ಕುಸಿದು ಸತ್ತ. 2012ರ ಮಾರ್ಚಿನಲ್ಲಿ ಟಾಟನ್‌ಹ್ಯಾಮಿನದೇ ಮೈದಾನದಲ್ಲಿ ಬೋಲ್ಟನ್ ತಂಡದ ಫ್ಯಾಬ್ರಿಸ್ ಮುವಾಂಬಾ ಬಿದ್ದ. ಅವನ ಹೃದಯವು 78 ನಿಮಿಷ ನಿಂತಿತ್ತು. ಬದುಕಿದ, ಆದರೆ ವೈದ್ಯರ ಮಾತಿನಂತೆ ಇಪ್ಪತ್ನಾಲ್ಕನೆಯ ವಯಸ್ಸಿಗೆ ಆಟ ಬಿಟ್ಟ. ಇದು ದೂರದ ಮಾತೆಂದುಕೊಳ್ಳಬೇಕಾಗಿಲ್ಲ. ನಮ್ಮ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿಯೇ, 2004ರ ಡಿಸೆಂಬರ್ 5ರಂದು, ಫೆಡರೇಶನ್ ಕಪ್ಪಿನ ಫೈನಲಿನಲ್ಲಿ ಮೋಹನ್ ಬಗಾನಿನ ವಿರುದ್ಧ ಗೋವೆಯ ಡೆಂಪೊ ತಂಡಕ್ಕಾಗಿ ಆಡುತ್ತಿದ್ದ ಬ್ರೆಜಿಲಿನ ಕ್ರಿಸ್ಟಿಯಾನೊ ಜೂನಿಯರ್ ತನ್ನ ಎರಡನೆಯ ಗೋಲು ಹೊಡೆಯುವಾಗ ಗೋಲಿಯೊಡನೆ ಡಿಕ್ಕಿಯಾಗಿ ಬಿದ್ದವನು ಮತ್ತೆ ಏಳಲಿಲ್ಲ. ಅವನಿಗೆ ಇಪ್ಪತ್ತೈದು ವರ್ಷ. ಪಂದ್ಯವನ್ನು ಗೆದ್ದವರು ಅವನ ತಂಡದವರೇ, ಅವನ ಎರಡು ಗೋಲುಗಳಿಂದಲೇ. ಆ ಕ್ರೀಡಾಂಗಣದ ಮುಂದೆ ಬಸ್ಸಿನಲ್ಲಿ ಹಾಯುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಮತ್ತೆ ಕೋಪನ್‌ಹೇಗನ್ನಿಗೆ. ಎರಿಕ್ಸನ್ ಬದುಕಿದ್ದಾನೆಂದು ತಿಳಿದ ಮೇಲೆ ಅಧಿಕಾರಿಗಳು ಆಟಗಾರರ ಮುಂದೆ ಎರಡು ದಾರಿಗಳನ್ನಿಟ್ಟರು: ಇಂದೇ ರಾತ್ರಿ ಆಟ ಮುಗಿಸಿರಿ, ಇಲ್ಲವೇ ನಾಳೆ ಮಧ್ಯಾಹ್ನ ಬನ್ನಿರಿ. ಗೆಳೆಯನ ನಿಂತ ಉಸಿರನ್ನು ಕಂಡ ಎರಡು ಗಂಟೆಗಳೊಳಗೆ ಆ ಹುಡುಗರು ಮತ್ತೆ ಚೆಂಡಿನ ಹಿಂದೆ ಓಡಿದರು; ಒಂದು ಗೋಲಿನಿಂದ ಸೋತರು. ಅಂದು ಆಡಬಾರದಿತ್ತೆಂದು ಅವರ ಶಿಕ್ಷಕ ಕ್ಯಾಸ್ಪರ್ ಹ್ಯೂಲ್ಮಂಡ್ ಆಮೇಲೆ ಹೇಳಿದರು. ನನಗೂ ಹಾಗೆಯೇ ತೋರುತ್ತದೆ. ಸೂತಕದ ಮನೆಯವರಿಗೆ ಊಟದ ಹೊತ್ತನ್ನು ನೀವೇ ಆರಿಸಿಕೊಳ್ಳಿ ಎಂದರೆ ಅದು ಸ್ವಾತಂತ್ರ್ಯ ಕೊಟ್ಟಂತಲ್ಲ. ಐದು ದಿನಗಳ ಬಳಿಕ ಅದೇ ಮೈದಾನದಲ್ಲಿ ಬೆಲ್ಜಿಯಮಿನ ಪಂದ್ಯವನ್ನು ಹತ್ತನೆಯ ನಿಮಿಷಕ್ಕೆ ನಿಲ್ಲಿಸಿ ಎರಡೂ ತಂಡಗಳು, ಇಡೀ ಜನಸ್ತೋಮವು ಚಪ್ಪಾಳೆ ತಟ್ಟಿದವು. ಹತ್ತು ಎರಿಕ್ಸನ್ನನ ಅಂಗಿಯ ಸಂಖ್ಯೆ. ಆ ಡೆನ್ಮಾರ್ಕ್ ಸೆಮಿಫೈನಲಿನವರೆಗೂ ಹೋಯಿತು.

ಆಸ್ಪತ್ರೆಯಲ್ಲಿ ಎರಿಕ್ಸನ್ನನ ಎದೆಯ ಚರ್ಮದಡಿಯಲ್ಲಿ ಬೆಂಕಿಪೆಟ್ಟಿಗೆಯಷ್ಟಿನ ಒಂದು ಯಂತ್ರವನ್ನು ಇರಿಸಿದರು. ಅದು ಹಗಲಿರುಳು ಹೃದಯದ ಲಯವನ್ನು ಕೇಳುತ್ತಿರುತ್ತದೆ. ಲಯ ಕೆಟ್ಟರೆ ತಾನೇ ಆಘಾತ ಕೊಟ್ಟು ಸರಿಪಡಿಸುತ್ತದೆ. ಪಾರ್ಕೆನ್ನಿನಲ್ಲಿ ವೈದ್ಯರು ಮಾಡಿದ ಕೆಲಸವನ್ನು ಮೈಯೊಳಗೇ ಕಾದು ಕುಳಿತು ಮಾಡುವ ಯಂತ್ರವೆನ್ನಬಹುದು.

ಕಥೆಯ ಗಂಟು ಇಲ್ಲಿಂದ ಬಿಗಿಯುತ್ತದೆ. ಇಂಟರ್ ಕ್ಲಬ್ಬಿನೊಡನೆ ಆತನ ಕರಾರು ಇನ್ನೂ ಉಳಿದಿತ್ತು. ಆದರೆ ಇಂಥ ಯಂತ್ರವನ್ನು ಧರಿಸಿದವನಿಗೆ ಇಟಲಿಯಲ್ಲಿ ಆಡುವ ಅನುಮತಿಯಿಲ್ಲ. 2021ರ ಡಿಸೆಂಬರಿನಲ್ಲಿ ಇಬ್ಬರೂ ಒಪ್ಪಿ ಕರಾರನ್ನು ಮುರಿದರು. ಲೀಗ್ ಗೆದ್ದುಕೊಟ್ಟವನನ್ನು ಬಾಗಿಲಿಂದಾಚೆ ಕಳುಹಿಸಿದರೆಂದು ಇಟಲಿಯ ಮೇಲೆ ಸಿಟ್ಟಾಗುವುದು ಸುಲಭ. ನಾನು ಹಾಗೆ ಮಾಡಲಾರೆ. 1982ರಿಂದ ಆ ದೇಶದಲ್ಲಿ ಸ್ಪರ್ಧೆಗಿಳಿಯುವ ಪ್ರತಿಯೊಬ್ಬ ಆಟಗಾರನಿಗೂ ಇ.ಸಿ.ಜಿ. ಸಹಿತ ವೈದ್ಯಪರೀಕ್ಷೆ ಕಡ್ಡಾಯ; ಯೋಗ್ಯನೆಂದು ವೈದ್ಯರು ಬರೆದುಕೊಡದೆ ಯಾವನೂ ಆಡುವಂತಿಲ್ಲ. ಇದರ ಫಲವನ್ನು ಪಾದುವಾ ನಗರದ ವೈದ್ಯರು ವೆನೆಟೊ ಪ್ರಾಂತದಲ್ಲಿ ಲೆಕ್ಕಹಾಕಿದರು. ಕಾಯಿದೆಗೆ ಮುನ್ನ ಒಂದು ಲಕ್ಷ ಎಳೆಯ ಆಟಗಾರರಲ್ಲಿ ವರ್ಷಕ್ಕೆ 3.6ರಂತೆ ಇದ್ದ ಹಠಾತ್ ಮರಣವು 2004ರ ಹೊತ್ತಿಗೆ 0.4ಕ್ಕೆ ಇಳಿದಿತ್ತು. ಎಷ್ಟು ಮನೆಗಳ ಮಕ್ಕಳು ಉಳಿದರು! ಮಗನನ್ನು ಹೊಳೆಗಿಳಿಯಬೇಡವೆನ್ನುವ ತಾಯಿಯ ಮನಸ್ಸು ಆ ಕಾಯಿದೆಯದು.

ಆದರೆ ಆ ಮಗನಿಗೆ ಇಪ್ಪತ್ತೊಂಬತ್ತು ವರ್ಷವಾಗಿದೆ, ಈಜು ಅವನ ಕಸುಬು. ಅವನು ಏನು ಮಾಡಬೇಕು? ಇಂಗ್ಲೆಂಡಿನಲ್ಲಿ ಮತ್ತು ಹಾಲೆಂಡಿನಲ್ಲಿ ಬೇರೊಂದು ನ್ಯಾಯವಿದೆ. ಅಲ್ಲಿ ವೈದ್ಯರು ಅಪಾಯ ಎಷ್ಟೆಂದು ತಿಳಿಸುತ್ತಾರೆ. ಅರಿತು ತೀರ್ಮಾನಿಸುವ ಭಾರದಲ್ಲಿ ಆಟಗಾರನಿಗೂ ಪಾಲು. ಅಯಾಕ್ಸಿನಲ್ಲಿ ಎರಿಕ್ಸನ್ನನ ಜೊತೆಗಾರನಾಗಿದ್ದ ಡಾಲಿ ಬ್ಲಿಂಡ್ 2019ರಲ್ಲಿಯೇ ಇಂಥ ಯಂತ್ರವನ್ನಿರಿಸಿಕೊಂಡು ಮತ್ತೆ ಆಟಕ್ಕಿಳಿದಿದ್ದ. ಗೆಳೆಯನು ಬಿದ್ದ ಮರುದಿನ ಉಕ್ರೇನಿನ ವಿರುದ್ಧ ಆಡಿ ಹೊರಬರುವಾಗ ಅವನು ಕಣ್ಣೀರಿಟ್ಟನು. ಅವನ ಕಣ್ಣೀರಿನಲ್ಲಿ ಎರಡೂ ನ್ಯಾಯಗಳಿದ್ದವೇನೋ. ಒಬ್ಬ ಮನುಷ್ಯನು ತನ್ನ ಗುಂಡಿಗೆಯ ಒಡೆಯನೇ ಹೌದೆ ಅಲ್ಲವೆ ಎಂದು ಕೇಳಿದರೆ, ಹೌದೆನ್ನುವ ಕಡೆಗೇ ನಾನು ವಾಲುತ್ತೇನೆ. ಆದರೆ ಅವನ ಹೆಂಡತಿಮಕ್ಕಳು ಗ್ಯಾಲರಿಯಲ್ಲಿ ಕುಳಿತಿದ್ದಾರೆಂಬುದು ನೆನಪಾದಾಗ ಆ ವಾಲಿಕೆ ಸ್ವಲ್ಪ ಕಡಿಮೆಯಾಗುತ್ತದೆ.

ಎರಿಕ್ಸನ್ ಆಡಲು ನಿಶ್ಚಯಿಸಿದ. ಹಳೆಯ ಮನೆಯಾದ ಅಯಾಕ್ಸಿನಲ್ಲಿ ಎಳೆಯರೊಡನೆ ಅಭ್ಯಾಸ ಮಾಡಿದ. 2022ರ ಜನವರಿಯ ಕೊನೆಯ ದಿನ ಲಂಡನ್ನಿನ ಬ್ರೆಂಟ್‌ಫರ್ಡ್ ಎಂಬ ಕ್ಲಬ್ಬು ಆ ಋತುವಿನ ಕೊನೆಯವರೆಗೆ ಆತನನ್ನು ಸೇರಿಸಿಕೊಂಡಿತು. ಎಪ್ಪತ್ತನಾಲ್ಕು ವರ್ಷಗಳ ಮೇಲೆ ಮೊದಲ ದರ್ಜೆಗೆ ಏರಿ ಬಂದು, ಮತ್ತೆ ಜಾರುವೆನೋ ಎಂದು ನಡುಗುತ್ತಿದ್ದ ಸಣ್ಣ ಸಂಸ್ಥೆಯದು. ಶಿಕ್ಷಕ ಥಾಮಸ್ ಫ್ರಾಂಕ್ ಡೇನರೇ. ಫೆಬ್ರವರಿ 26ರಂದು, ಬಿದ್ದ 259ನೆಯ ದಿನ, ನ್ಯೂಕಾಸಲ್ ಎದುರಿನ ಪಂದ್ಯದ 52ನೆಯ ನಿಮಿಷದಲ್ಲಿ ಆತನು ಮೈದಾನಕ್ಕಿಳಿದ. ಅವನಿಗೆ ಸ್ಥಳ ಬಿಟ್ಟು ಹೊರಬಂದವನು ಮತಿಯಾಸ್ ಯೆನ್ಸನ್. ಜೂನ್ 12ರ ಸಂಜೆ ಎರಿಕ್ಸನ್ನನನ್ನು ಹೊತ್ತೊಯ್ದ ಮೇಲೆ ಅವನ ಸ್ಥಳದಲ್ಲಿ ಆಡಲು ಇಳಿದವನೂ ಈ ಯೆನ್ಸನ್ನನೇ. ಕಾದಂಬರಿಕಾರನು ಹೀಗೆ ಬರೆದಿದ್ದರೆ ಕೃತಕವೆಂದು ನಾನೇ ವಿಮರ್ಶೆಯಲ್ಲಿ ಹೇಳುತ್ತಿದ್ದೆ.

ಆ ದಿನ ಬ್ರೆಂಟ್‌ಫರ್ಡ್ ಸೋತಿತು. ಆದರೆ ಮುಂದಿನ ವಾರಗಳಲ್ಲಿ ಭಾಗವತನು ಬಂದ ಮೇಳದಂತೆ ತಂಡಕ್ಕೆ ಕಳೆ ಬಂತು. ಏಪ್ರಿಲ್ 2ರಂದು ಚೆಲ್ಸಿಯನ್ನು ಅವರ ಮನೆಯಂಗಳದಲ್ಲೇ 4–1ರಿಂದ ಸೋಲಿಸಿತು. ನಾಲ್ಕರಲ್ಲಿ ಒಂದು ಗೋಲು ಎರಿಕ್ಸನ್ನನದು. ಹನ್ನೊಂದು ಪಂದ್ಯ ಆಡಿ ಆತನು ಹೊರಟಾಗ ಬ್ರೆಂಟ್‌ಫರ್ಡಿನ ಸ್ಥಾನಕ್ಕೆ ಯಾವ ಭಯವೂ ಉಳಿದಿರಲಿಲ್ಲ. ಇದರ ನಡುವೆ ಮಾರ್ಚ್ 26ರಂದು ದೇಶದ ತಂಡಕ್ಕೂ ಮರಳಿದ. ಎಲ್ಲಿ? ಆಮ್‌ಸ್ಟರ್‌ಡಾಮಿನಲ್ಲಿ, ಅಯಾಕ್ಸಿನ ಅದೇ ಕ್ರೀಡಾಂಗಣದಲ್ಲಿ. ಎರಡನೆಯ ಅರ್ಧಕ್ಕೆ ಇಳಿದವನು ಎರಡು ನಿಮಿಷದೊಳಗೆ ಗೋಲು ಹೊಡೆದ. ಗೋಲು ತಿಂದ ಹಾಲೆಂಡಿನ ಜನರೂ ಎದ್ದು ನಿಂತರು. ಮೂರು ದಿನಗಳ ಮೇಲೆ ಪಾರ್ಕೆನ್ನಿನಲ್ಲಿ ಸರ್ಬಿಯದ ವಿರುದ್ಧ ನಾಯಕನಾಗಿ ಆಡಿ ಇನ್ನೊಂದು ಹೊಡೆದ.

ಮುಂದಿನದನ್ನು ಬೇಗ ಹೇಳಿ ಮುಗಿಸಬಹುದು. 2022ರ ಜುಲೈಯಿಂದ ಮೂರು ವರ್ಷ ಮ್ಯಾಂಚೆಸ್ಟರ್ ಯುನೈಟೆಡ್ ತಂಡದಲ್ಲಿದ್ದ. ಮೊದಲ ವರ್ಷ ಚೆನ್ನಾಗಿ ನಡೆಯಿತು. ಬಳಿಕ ವಯಸ್ಸು, ಗಾಯ, ತಂಡದ ಏರುಪೇರು ಸೇರಿ ಬೆಂಚಿನ ನಂಟು ಮತ್ತೆ ಬೆಳೆಯಿತು. ಆ ತಂಡ 2023ರಲ್ಲಿ ಲೀಗ್ ಕಪ್ಪನ್ನೂ 2024ರಲ್ಲಿ ಎಫ್.ಎ. ಕಪ್ಪನ್ನೂ ಗೆದ್ದಿತು. 2025ರಲ್ಲಿ ಕರಾರು ಮುಗಿದಾಗ ಆತನಿಗೆ ಮೂವತ್ತಮೂರು. ಸೆಪ್ಟೆಂಬರಿನಲ್ಲಿ ಜರ್ಮನಿಯ ವುಲ್ಫ್ಸ್‌ಬರ್ಗ್ ಕ್ಲಬ್ಬಿಗೆ ಸೇರಿದ. ಹಾಲೆಂಡ್, ಇಂಗ್ಲೆಂಡ್, ಇಟಲಿ, ಜರ್ಮನಿ: ನಾಲ್ಕು ದೇಶಗಳ ಆರು ಕ್ಲಬ್ಬುಗಳು. ಡೆನ್ಮಾರ್ಕಿನ ಪರವಾಗಿ ಅತಿ ಹೆಚ್ಚು ಪಂದ್ಯಗಳನ್ನಾಡಿದ ದಾಖಲೆಯು ಅಷ್ಟರಲ್ಲಿ ಆತನದಾಗಿತ್ತು. ಅದಕ್ಕೆ ಮುನ್ನ ಆ ದಾಖಲೆಯಿದ್ದದ್ದು, ಅಂದು ಗೋಡೆ ಕಟ್ಟಿಸಿದ ಸಿಮೊನ್ ಕ್ಯಾರ್‌ನ ಹೆಸರಿನಲ್ಲಿ.

ಒಂದು ಪಂದ್ಯದ ಮಾತು ಉಳಿಯಿತು. ಮುಂದಿನ ಯೂರೋ ಕಪ್ಪು ನಡೆದದ್ದು ಜರ್ಮನಿಯಲ್ಲಿ. 2024ರ ಜೂನ್ 16ರಂದು ಸ್ಟುಟ್‌ಗಾರ್ಟಿನಲ್ಲಿ ಡೆನ್ಮಾರ್ಕಿನ ಮೊದಲ ಆಟ, ಸ್ಲೊವೇನಿಯದ ಎದುರು. ಪಾರ್ಕೆನ್ನಿನ ಆ ಸಂಜೆಯಿಂದ ಸರಿಯಾಗಿ 1100 ದಿನಗಳು. ಹದಿನೇಳನೆಯ ನಿಮಿಷದಲ್ಲಿ ಗೆರೆಯಾಚೆಯಿಂದ ಚೆಂಡನ್ನು ಎಸೆದರು. ಅಂದಿನಂತೆಯೇ. ಯೋನಾಸ್ ವಿಂಡ್ ಅದನ್ನು ಹಿಮ್ಮಡಿಯಿಂದ ತಿರುಗಿಸಿ ಗೋಲಿನ ಮುಂದಕ್ಕೆ ಬಿಟ್ಟ. ಎರಿಕ್ಸನ್ ಓಡಿ ಬಂದು ಅದನ್ನು ಎದೆಯ ಮೇಲೆ ತೆಗೆದುಕೊಂಡು, ಕೆಳಗಿಳಿಸಿ, ಗೋಲಿನೊಳಕ್ಕೆ ಹೊಡೆದ. ಯೂರೋ ಕಪ್ಪಿನಲ್ಲಿ ಆತನ ಮೊದಲ ಗೋಲು ಅದು. 77ನೆಯ ನಿಮಿಷದಲ್ಲಿ ಸ್ಲೊವೇನಿಯದ ಯಾನ್ಜಾ ಒಂದು ಗೋಲು ಹೊಡೆದು ಸಮಮಾಡಿದ. ಪಂದ್ಯ 1–1ರಲ್ಲಿ ಮುಗಿಯಿತು.